ಪೆಟ್ಟಿಗೆ ಟೀಚರ್ ಇಟ್ಟುಕೊಂಡ ಹನ್ನೊಂದು ಚೀಟಿ

ಊರಿಗೆಲ್ಲ ಅಜ್ಜಿ 'ಪೆಟ್ಟಿಗೆ ಟೀಚರ್'. ನಲವತ್ತು ವರ್ಷ ಪರಭಾಷೆಗಳನ್ನು ಕಲಿಸಿದವಳು. ರಜೆ ಬಂತೆಂದರೆ ಪೆಟ್ಟಿಗೆ ಹಿಡಿದು ಹೊರಟೇಬಿಡುವವಳು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾಳೆ ಎಂದು ನೆರೆಹೊರೆಯವರು ನಗುತ್ತಿದ್ದರು. ಯಾವ ಭಾಷೆಯೇ ಆಗಲಿ, ಅವಳ ಮೊದಲ ಪಾಠ ಒಂದೇ: "ನನ್ನದೊಂದು ಕೋರಿಕೆ ಇದೆ, ದಯವಿಟ್ಟು ಇಲ್ಲ ಅನ್ನಬೇಡಿ." ಬೇರೆಯವರು ಕ್ಷೇಮಸಮಾಚಾರ ಕಲಿಸುವಾಗ ಇದೆಂಥ ಭಿಕ್ಷೆಯ ಪಾಠವೋ ಎಂದು ಮಕ್ಕಳು ಆಡಿಕೊಳ್ಳುತ್ತಿದ್ದರು. ಮೊಮ್ಮಗಳಂತೂ ಆ ಮಾತನ್ನು ಅಜ್ಜಿಯ ದನಿಯಲ್ಲೇ ಅಣಕಿಸಿ ಮನೆಯವರನ್ನೆಲ್ಲ ನಗಿಸುತ್ತಿದ್ದಳು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಅಜ್ಜಿಯೇ.

ಅಜ್ಜಿ ತೀರಿಕೊಂಡ ಮರುದಿನ ಬೆಳಿಗ್ಗೆ, ಅವಳ ಕೈಗೆ ಸುತ್ತಲು ಜಪಸರ ಬೇಕಾಗಿ ಮೊಮ್ಮಗಳು ಮಂಚದಡಿಯ ಪೆಟ್ಟಿಗೆ ಎಳೆದಳು. ಹತ್ತಕ್ಕೆ ಚರ್ಚಿನಲ್ಲಿ ಅಜ್ಜಿಯ ಬಗ್ಗೆ ನಾಲ್ಕು ಮಾತಾಡಬೇಕಾದವಳೂ ಅವಳೇ. ಪ್ರವಾಸದ ತಮಾಷೆಗಳನ್ನೆಲ್ಲ ಬರೆದು ಜೇಬಿನಲ್ಲಿಟ್ಟುಕೊಂಡಿದ್ದಳು. ಜಪಸರದ ಕೆಳಗೆ ರಬ್ಬರ್ ಬ್ಯಾಂಡ್ ಹಾಕಿದ ಹನ್ನೊಂದು ಚೀಟಿಗಳಿದ್ದವು, ಹನ್ನೊಂದು ದೇಶದ ಚರ್ಚುಗಳ ಮೊಹರಿನೊಂದಿಗೆ. ಅಜ್ಜಿ ಕಲಿಸಿದ್ದ ಭಾಷೆಯ ಒಂದೆರಡು ಓದಲು ಬಂದವು: ಇಂಥವರ ಆತ್ಮಶಾಂತಿಗಾಗಿ ಬಲಿಪೂಜೆ ಅರ್ಪಿಸಲಾಗಿದೆ. ಹನ್ನೊಂದರಲ್ಲೂ ಇದ್ದದ್ದು ಮೊಮ್ಮಗಳದೇ ಹೆಸರು.

ಬದುಕಿರುವವಳಿಗೆ ಸತ್ತವರ ಪೂಜೆ! ತಾರೀಖುಗಳನ್ನು ನೋಡಿದಳು. ಮೊದಲನೆಯದು ಅವಳು ಹುಟ್ಟುವುದಕ್ಕಿಂತ ಇಪ್ಪತ್ತೆರಡು ವರ್ಷ ಹಿಂದಿನದು.

"ಅಪ್ಪಾ, ಇದೇನಿದು?"

ಅಪ್ಪ ಬಾಗಿಲು ಮುಂದೆ ಮಾಡಿ ಮಂಚದ ಮೇಲೆ ಕುಸಿದ. "ನನಗಿಂತ ಮೊದಲು ಒಬ್ಬಳು ಅಕ್ಕ ಹುಟ್ಟಿದ್ದಳಂತೆ. ನಾಲ್ಕೇ ದಿನ. ಜ್ಞಾನಸ್ನಾನ ಆಗೋ ಮೊದಲೇ ಹೋಗಿಬಿಟ್ಟಳು. ಚರ್ಚಿಗೆ ಸೇರದ ಕೂಸಿಗೆ ಪೂಜೆನೂ ಇಲ್ಲ, ಆಗಿನ ಫಾದರ್ ನಮ್ಮ ಸಮಾಧಿ ಜಾಗದಲ್ಲಿ ಮಣ್ಣೂ ಇಲ್ಲ ಅಂದುಬಿಟ್ರಂತೆ. ಬೇಲಿ ಆಚೆ ಹೂಳಿದ್ರು."

"ಅದಕ್ಕೆ?"

"ಅದಕ್ಕೇ ಅಮ್ಮ ಭಾಷೆ ಕಲಿತು ದೇಶ ದೇಶ ಸುತ್ತಿ, ಮಗಳಿಗೊಂದು ಪೂಜೆ ಮಾಡಿ ಅಂತ ಕೇಳಿದ್ಲು. ಒಬ್ಬರು ಒಪ್ಪಿದ್ದು ಅವಳಿಗೆ ಸಾಕಾಗಲಿಲ್ಲ. ಇಲ್ಲಿ ಮಾತ್ರ ಮತ್ತೆ ಬಾಯಿ ಬಿಡಲೇ ಇಲ್ಲ. ನಿನಗೆ ಇದೇ ಹೆಸರಿಡಬೇಕು ಅಂತ ಹಟ ಹಿಡಿದಾಗ ನನಗೂ ಗೊತ್ತಿರಲಿಲ್ಲ ಕಣೆ. ಹೋದ ವಾರ ಆಸ್ಪತ್ರೆಯಲ್ಲಿ ಹೇಳಿದ್ಲು."

ಚಿಕ್ಕಂದಿನಿಂದ ತಾನು ಅಣಕಿಸಿದ್ದು ಏನನ್ನು ಎಂದು ಈಗ ಗೊತ್ತಾಗಿ, ಮೊಮ್ಮಗಳು ನಾಚಿಕೆಯಿಂದ ಭೂಮಿಗಿಳಿದು ಹೋದಳು. ಸಿಟ್ಟೂ ಬಂತು: ಹಾಳು ಮುದುಕಿ, ಒಂದು ಮಾತು ಹೇಳಬಾರದಿತ್ತೇ!

ಚರ್ಚಿನ ಬಾಗಿಲಲ್ಲಿ ಈಗಿನ ಫಾದರ್ ಸಿಕ್ಕರು. ಬರೆದಿಟ್ಟ ಕಾಗದ ಜೇಬಿನಲ್ಲೇ ಉಳಿಯಿತು. "ನನ್ನದೊಂದು ಕೋರಿಕೆ ಇದೆ ಫಾದರ್. ದಯವಿಟ್ಟು ಇಲ್ಲ ಅನ್ನಬೇಡಿ." ಚೀಟಿಗಳನ್ನು ಅವರ ಕೈಗಿಟ್ಟು ಎಲ್ಲ ಹೇಳಿದಳು. ಫಾದರ್ ಒಂದೊಂದನ್ನೇ ತಿರುವಿ ನೋಡಿದರು. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಒಳಗೆ ಹೋದರು.

ಪೂಜೆಯ ನಡುವೆ ಅಜ್ಜಿಯ ಹೆಸರು ಓದಿದರು. ಅದರ ಬೆನ್ನಿಗೇ, ಸ್ಪಷ್ಟವಾಗಿ, ಇನ್ನೊಂದು ಹೆಸರು. ಇಡೀ ಚರ್ಚು ಹೌಹಾರಿ ಮುಂದಿನ ಬೆಂಚಿನಲ್ಲಿದ್ದ ಮೊಮ್ಮಗಳ ಕಡೆ ನೋಡಿತು. ಅವಳು ಯಾರ ಮುಖವನ್ನೂ ನೋಡದೆ, ಎಲ್ಲರಿಗಿಂತ ಜೋರಾಗಿ "ಆಮೆನ್" ಎಂದಳು.