ಕೈಲಾಸಪ್ಪನ ನೋಟ್‌ಬುಕ್‌ನಲ್ಲಿ ನನ್ನ ಹೆಸರು

ಪರಪುರುಷನ ನೋಟ್‌ಬುಕ್‌ನಲ್ಲಿ ನಿಮ್ಮ ಹೆಸರು ಹದಿನಾಲ್ಕು ಸಲ ಬರೆದಿದ್ದರೆ ನೀವೇನು ಮಾಡುತ್ತೀರಿ? ಅದೂ ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಅದೂ ಅತ್ತೆಮನೆಯಲ್ಲಿ. ಅದೂ ಆ ಪುರುಷ ಜರ್ಮನಿಯವನು!

ನಾನು ಪುಸ್ತಕ ಮುಚ್ಚಿ, ಪೊರಕೆ ಎತ್ತಿಕೊಂಡು, ಏನೂ ನೋಡದವಳ ಹಾಗೆ ರೂಮಿಂದ ಆಚೆ ಬಂದೆ. (ಗುಡಿಸೋಕೆ ಹೋದವಳು ಪುಸ್ತಕ ಯಾಕೆ ತೆರೆದೆ ಅಂತ ಕೇಳಬೇಡಿ. ನೀವಾಗಿದ್ದರೂ ತೆರೆಯುತ್ತಿದ್ದಿರಿ.)

ಎಮರ್ಜೆನ್ಸಿ ಮುಗಿದು ಒಂದೆರಡು ವರ್ಷವಾಗಿದ್ದ ಕಾಲ. ಮುಳಬಾಗಿಲಲ್ಲಿ ನಮ್ಮ ಮಾವನವರ ಮನೆ. ಮಾವ ರೆವಿನ್ಯೂ ಇನ್‌ಸ್ಪೆಕ್ಟರ್ ಆಗಿ ರಿಟೈರ್ ಆದವರು. ನೌಕರಿ ಮುಗಿದರೂ ಇನ್‌ಸ್ಪೆಕ್ಷನ್ ಮುಗಿದಿರಲಿಲ್ಲ. ಹಾಲಿನವಳ ಚೆಂಬಿನಿಂದ ಹಿಡಿದು ನನ್ನ ತವರಿಂದ ಬರುವ ಕಾಗದದವರೆಗೆ ಎಲ್ಲದರ ಮೇಲೂ ಅನುಮಾನ.

ಊರಾಚೆ ಒಂದು ಸಣ್ಣ ಆಸ್ಪತ್ರೆ. ಅಲ್ಲಿ ಮಾರ್ಥಾ ಅಂತ ಜರ್ಮನ್ ನರ್ಸ್. ಹದಿನೈದು ವರ್ಷದಿಂದ ಇಲ್ಲೇ ಇದ್ದು ಕನ್ನಡ ಚೆನ್ನಾಗಿ, ತೆಲುಗು ಇನ್ನೂ ಚೆನ್ನಾಗಿ ಮಾತಾಡುತ್ತಿದ್ದರು. ಅತ್ತೆಯ ಮೊಣಕಾಲು ನೋವಿಗೆ ಅವರದೇ ಔಷಧಿ. ಒಂದು ದಿನ ಬಂದು, "ನನ್ನ ತಮ್ಮ ಮೂರು ತಿಂಗಳು ಇರೋಕೆ ಬರ್ತಿದ್ದಾನೆ. ನಮ್ಮ ಕ್ವಾರ್ಟರ್ಸ್‌ನಲ್ಲಿ ಗಂಡಸರಿಗೆ ಜಾಗ ಇಲ್ಲ. ನಿಮ್ಮ ಮುಂದಿನ ರೂಮು ಖಾಲಿ ಇದೆಯಲ್ಲ?" ಎಂದರು. ಮಾವನಿಗೆ ಇಲ್ಲ ಅನ್ನೋಕೆ ಆಗಲಿಲ್ಲ. (ಮೊಣಕಾಲು!)

ಬಂದವನ ಹೆಸರು ಕ್ಲೌಸ್. ಅತ್ತೆಯ ಬಾಯಲ್ಲಿ ಎರಡೇ ದಿನಕ್ಕೆ ಕೈಲಾಸಪ್ಪ ಆದ. ಮೂವತ್ತೈದರ ಆಸುಪಾಸು, ಬಡಕಲು ಮೈ, ಉದ್ದ ಮೂಗು. ಮದುವೆಯಾದವನು ಅಂತ ಮಾರ್ಥಾ ಹೇಳಿದ್ದರು. ಮನೆಯಲ್ಲಿ ಇಂಗ್ಲಿಷ್ ಮಾತಾಡಬಲ್ಲವಳು ನಾನೊಬ್ಬಳೇ. ಹಾಗಾಗಿ ಜಗಲಿಯ ಮೇಲೆ ಮಾವ ನಡೆಸಿದ ವಿಚಾರಣೆಗೆ ನಾನೇ ದುಭಾಷಿ.

"ಏನು ಕೆಲಸ ಅಂತ ಕೇಳಮ್ಮ."

ಕೇಳಿದೆ. ಅವನು ಹೇಳಿದ್ದು ಕೇಳಿ ನನಗೇ ಅನುಮಾನ ಬಂದು ಇನ್ನೊಂದು ಸಲ ಕೇಳಿದೆ.

"ಸ್ಟೇಜ್ ಮೇಲೆ ಒಬ್ಬರೇ ನಿಂತ್ಕೊಂಡು ಮಾತಾಡ್ತಾರಂತೆ ಮಾವ. ಜನ ನಗ್ತಾರಂತೆ. ಅದೇ ಕೆಲಸ."

"ಹರಿಕಥೆನಾ?"

"ದೇವರ ಕಥೆ ಇಲ್ವಂತೆ."

"ಹಾರ್ಮೋನಿಯಂ?"

"ಅದೂ ಇಲ್ವಂತೆ."

"ವೇಷ ಗೀಷ?"

"ಇದೇ ಪ್ಯಾಂಟು, ಇದೇ ಷರ್ಟಂತೆ."

ಮಾವ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಸುಳ್ಳು," ಅಂದರು. "ಬರೀ ಮಾತಾಡಿ ಬದುಕೋಕಾಗುತ್ತಾ? ಇನ್ನೇನೋ ಇದೆ."

ಈಗ ಸ್ಟ್ಯಾಂಡಪ್ ಕಾಮಿಡಿ ಅಂದರೆ ಚಿಕ್ಕ ಮಕ್ಕಳಿಗೂ ಗೊತ್ತು. ಆಗ ಮುಳಬಾಗಿಲಲ್ಲಿ ಯಾರಿಗೆ ಗೊತ್ತಿತ್ತು? ನನಗೂ ನಂಬಿಕೆ ಬರಲಿಲ್ಲ.

ಆದರೆ ಅವನು ದಿನಾ ಸಂಜೆ ತುಂಡು ತುಂಡಾಗಿ ಹೇಳಿದ ಕಥೆಯಲ್ಲಿ ಎಲ್ಲೂ ತಪ್ಪು ಸಿಗಲಿಲ್ಲ. ಹುಟ್ಟಿದ್ದು ಯುದ್ಧದಲ್ಲಿ ಬಾಂಬು ಬಿದ್ದು ಅರ್ಧ ಮಣ್ಣಾದ ಊರಲ್ಲಿ. ಅಪ್ಪ ಸೆರೆಯಲ್ಲಿದ್ದು ಎಷ್ಟೋ ವರ್ಷದ ಮೇಲೆ ಮನೆಗೆ ಬಂದರಂತೆ. ಬಂದವರು ಮಾತೇ ಆಡುತ್ತಿರಲಿಲ್ಲ. ಊಟಕ್ಕೆ ಕೂತರೆ ಮನೆಯಲ್ಲಿ ಚಮಚದ ಸದ್ದು ಮಾತ್ರ. ಒಂದು ದಿನ ಕ್ಲೌಸ್ ಅವರೂರಿನ ಪೋಸ್ಟ್‌ಮ್ಯಾನ್ ಕುಂಟಿಕೊಂಡು ಬಂದು ಬಾಗಿಲು ಬಡಿಯುವುದನ್ನು ಮಾಡಿ ತೋರಿಸಿದ. ಚಮಚ ನಿಂತಿತು. ಅಪ್ಪ ನಕ್ಕರು.

"ಅವತ್ತೇ ನನ್ನ ಕೆಲಸ ಗೊತ್ತಾಯ್ತು," ಅಂದ.

ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದನಂತೆ. ಅಲ್ಲಿನ ಕೆಲಸಗಾರರ ಕೂಟದಲ್ಲಿ ಮ್ಯಾನೇಜರನ್ನು ಅಣಕಿಸಿ ಮಾತಾಡಿದ. ಜನ ನಕ್ಕರು, ಮ್ಯಾನೇಜರು ಕೆಲಸದಿಂದ ತೆಗೆದರು. ಆಮೇಲೆ ಹೋಟೆಲುಗಳ ಮೂಲೆ, ಸಣ್ಣ ಸಣ್ಣ ನಾಟಕದ ಹಾಲ್, ರೇಡಿಯೋ. ಮೂವತ್ತಕ್ಕೆಲ್ಲ ಅವರೂರಲ್ಲಿ ಅವನ ಹೆಸರು ಹೇಳಿದರೆ ಹಾಲ್ ತುಂಬುತ್ತಿತ್ತಂತೆ.

"ಅಷ್ಟು ದೊಡ್ಡ ಮನುಷ್ಯ ಮುಳಬಾಗಿಲಿಗೆ ಯಾಕೆ ಬಂದ?" ಮಾವನ ಪ್ರಶ್ನೆ. ನ್ಯಾಯವಾದದ್ದೇ ಅಲ್ಲವೇ? ಇದಕ್ಕೆ ಮಾತ್ರ ಕ್ಲೌಸ್ ಉತ್ತರ ಕೊಡಲಿಲ್ಲ.

ಹಗಲೆಲ್ಲ ಬಸ್ ಹತ್ತಿ ಸುತ್ತುತ್ತಿದ್ದ. ಕೋಲಾರದ ಬಸ್ ಸ್ಟ್ಯಾಂಡು, ಶ್ರೀನಿವಾಸಪುರದ ಮಾವಿನ ಮಂಡಿ, ಮಾಲೂರಿನ ಸಂತೆ. ಎಲ್ಲಿ ಹೋದರೂ ಕೈಯಲ್ಲಿ ನೀಲಿ ರಟ್ಟಿನ ನೋಟ್‌ಬುಕ್. ಜನ ಗುಂಪಾಗಿ ನಕ್ಕ ಕಡೆ ನಿಲ್ಲುತ್ತಿದ್ದ, ನೋಡುತ್ತಿದ್ದ, ಬರೆಯುತ್ತಿದ್ದ. ಕೋಲಾರದವರು ಚಿನ್ನದ ಗಣಿಯ ನಕ್ಷೆ ಬರೀತಾನೆ ಅಂದರು. ಶ್ರೀನಿವಾಸಪುರದವರು ಯಾವ ತೋಪಿನಲ್ಲಿ ಎಷ್ಟು ಕಾಯಿ ಅಂತ ಬರೀತಾನೆ ಅಂದರು.

ಬೈರಕೂರಿನಲ್ಲಿ ಆಗಿದ್ದು ಇನ್ನೂ ಜೋರು. ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ನಗುತ್ತಿದ್ದ ಗಂಡಸರನ್ನು ಒಬ್ಬೊಬ್ಬರನ್ನೇ ನೋಡಿ ಬರೆದುಕೊಂಡನಂತೆ. ಯಾರೋ ಕೂಗಿದರು: "ಲೇ, ಆಪರೇಷನ್ನೋರು ಬಂದವ್ರೆ ಕಣ್ರೋ! ಹೆಸ್ರು ಬರ್ಕೊಂತಾವ್ನೆ!" ಎಮರ್ಜೆನ್ಸಿಯಲ್ಲಿ ಹಿಡಿದುಕೊಂಡು ಹೋಗಿ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿದ್ದನ್ನು ಜನ ಮರೆತಿರಲಿಲ್ಲ. ಒಂದು ನಿಮಿಷದಲ್ಲಿ ಬೀದಿ ಖಾಲಿ. ಗೋಡೆ ಹಾರಿದ ಒಬ್ಬರ ಕಾಲು ಉಳುಕಿ, ಅವರಿಗೆ ಪಟ್ಟಿ ಕಟ್ಟಿದ್ದೂ ಮಾರ್ಥಾ ಅವರೇ.

ಈ ಸುದ್ದಿ ಬಂದ ಮಾರನೇ ಬೆಳಿಗ್ಗೆ, ಅವನು ಸ್ನಾನಕ್ಕೆ ಹೋಗಿದ್ದಾಗ, ನಾನು ಆ ನೋಟ್‌ಬುಕ್ ತೆರೆದದ್ದು. ಅಕ್ಷರವೆಲ್ಲ ಇಂಗ್ಲಿಷಿನವೇ, ಒಂದು ಮಾತೂ ಇಂಗ್ಲಿಷಲ್ಲ. ಅದರ ನಡುವೆ ಸರೋಜ, ಸರೋಜ, ಸರೋಜ. ಪ್ರತಿ ಸರೋಜಳ ಪಕ್ಕದಲ್ಲೂ ಒಂದು ಇಂಟು ಮಾರ್ಕು.

ಎರಡು ದಿನ ಬಾಯಿ ಮುಚ್ಚಿಕೊಂಡಿದ್ದೆ. ಮೂರನೇ ದಿನ ತಡೆಯಲಾರದೆ ನಮ್ಮನೆಯವರಿಗೆ ಹೇಳಿದೆ. ಅವರು ಕೂಗಾಡಿದ್ದರೆ ಸಮಾಧಾನ ಆಗುತ್ತಿತ್ತು. "ನಿನ್ನ ಹೆಸರು ಅವನಿಗೆ ಯಾಕೆ ಬೇಕು?" ಅಂದರು, ಅಷ್ಟೆ. ಕ್ಲೌಸ್ ಮೇಲಿದ್ದ ಅನುಮಾನ ಅರ್ಧ ನನ್ನ ಕಡೆ ತಿರುಗಿದ್ದು ಅವರ ಮುಖದಲ್ಲೇ ಕಾಣಿಸಿತು. ನಾನೇನು ಮಾಡಿದ್ದೆ? ಕೇಳಿದ್ದನ್ನು ಅತ್ತಿಂದಿತ್ತ ಹೇಳಿದ್ದೆ. ಅಷ್ಟಕ್ಕೇ ಗಂಡ ನನ್ನ ಕೈಯಿಂದ ಕಾಫಿ ಲೋಟ ಇಸಿದುಕೊಳ್ಳದೆ, "ಅಲ್ಲಿಡು" ಅನ್ನತೊಡಗಿದರು.

ಅವರು ಮಾವನಿಗೆ ಹೇಳಿದರು. ಮಾವ ಸ್ಟೇಷನ್ನಿಗೆ ಹೋದರು.

ಭಾನುವಾರ ಬೆಳಿಗ್ಗೆ ಸಬ್ ಇನ್‌ಸ್ಪೆಕ್ಟರು ಒಬ್ಬ ಕಾನ್‌ಸ್ಟೇಬಲ್ ಜೊತೆ ಬಂದರು. ಮರ್ಯಾದಸ್ಥರು. ಪಾಸ್‌ಪೋರ್ಟ್ ನೋಡಿದರು, ಸರಿಯಾಗಿತ್ತು. ನೋಟ್‌ಬುಕ್ ತಿರುವಿದರು, ತಲೆ ಕೆರೆದುಕೊಂಡರು. ಇದನ್ನು ಓದುವವರು ಇಡೀ ತಾಲ್ಲೂಕಿಗೆ ಒಬ್ಬರೇ. ಮಾರ್ಥಾ ಅವರನ್ನು ಕರೆಸಿದರು.

ಜಗಲಿ ತುಂಬ ಜನ. ಕ್ಲೌಸ್ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. ಮಾರ್ಥಾ ಓದತೊಡಗಿದರು.

"ಕೋಲಾರ. ಬಸ್ ಕಂಡಕ್ಟರ್. ತಾನೇ ಜೋಕ್ ಹೇಳಿ ತಾನೇ ಮೊದಲು ನಗ್ತಾನೆ. ಆಮೇಲೆ ಟಿಕೆಟ್ ಇಲ್ಲದವರೆಲ್ಲ ಜೋರಾಗಿ ನಗ್ತಾರೆ."

ಕಾನ್‌ಸ್ಟೇಬಲ್ ಕಿಸಕ್ಕನೆ ನಕ್ಕು, ಸಾಹೇಬರ ಕಡೆ ನೋಡಿ ಸುಮ್ಮನಾದ.

"ಬೈರಕೂರು. ಐದು ಜನ ನಗ್ತಿದ್ದರು. ಜಮೀನಿನ ಯಜಮಾನ ಬಂದ. ಮೂರು ಜನ ನಗು ನಿಲ್ಲಿಸಿದರು. ಇಬ್ಬರು ಇನ್ನೂ ಜೋರು ಮಾಡಿದರು."

"ಸರೋಜ ಅಂತ ಇರೋದನ್ನ ಓದಿ," ಅಂದರು ನಮ್ಮನೆಯವರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

ಮಾರ್ಥಾ ಹಾಳೆ ನೋಡಿ ತಡೆದರು. ತಮ್ಮನಿಗೆ ಅವರ ಭಾಷೆಯಲ್ಲಿ ಏನೋ ಗದರಿದರು. "ಓದಿ ಸಿಸ್ಟರ್," ಅಂದರು ಇನ್‌ಸ್ಪೆಕ್ಟರು.

"ಸರೋಜ. ನಗು ಬಂದಾಗ ಮೊದಲು ಅತ್ತೆ ಮುಖ ನೋಡ್ತಾಳೆ. ಅತ್ತೆ ನಕ್ಕರೆ ನಗ್ತಾಳೆ. ನಗದಿದ್ದರೆ ಒಳಗೆ ಹೋಗಿ ನೀರು ಕುಡೀತಾಳೆ. ಇಂಟು ಹಾಕಿದ್ದೆಲ್ಲ ನೀರು ಕುಡಿದದ್ದು."

ಅತ್ತೆ ತಮ್ಮ ತವರಿನ ತೆಲುಗಿನಲ್ಲಿ ಸಿಡಿದರು. "ನಾನೇನು ನಗಬೇಡ ಅಂದಿದ್ನಾ ಈಯಮ್ಮನಿಗೆ? ಎಂದಾದ್ರೂ ಅಂದಿದ್ನಾ?"

ಮಾರ್ಥಾ ನಿಲ್ಲಿಸಲಿಲ್ಲ. "ಅತ್ತೆ. ಗಂಡ ಮನೇಲಿ ಇಲ್ಲದಾಗ ಮಾತ್ರ ನಗ್ತಾರೆ. ಚೆನ್ನಾಗಿ ನಗ್ತಾರೆ. ಮನೆಯ ಯಜಮಾನರು. ಏಳು ವಾರ ಆಯ್ತು, ಒಂದು ಸಲವೂ ನಕ್ಕಿಲ್ಲ. ನಮ್ಮ ಅಪ್ಪನಿಗಿಂತ ಕಷ್ಟ."

ಇನ್‌ಸ್ಪೆಕ್ಟರು ಮೊದಲು ನಕ್ಕರು. ಆಮೇಲೆ ಕಾನ್‌ಸ್ಟೇಬಲ್, ಅಕ್ಕಪಕ್ಕದ ಮನೆಯವರು, ಎಲ್ಲ. ಮಾವ ಎದ್ದರು. "ಸಂಜೆ ಒಳಗೆ ರೂಮು ಖಾಲಿ ಆಗಬೇಕು," ಅಂದು ಒಳಗೆ ಹೋದರು. ನಮ್ಮನೆಯವರು ನನ್ನ ಕಡೆ ನೋಡಿ ತಲೆ ತಗ್ಗಿಸಿದರು. ನನಗೆ ಅವರ ಮೇಲಿದ್ದ ಸಿಟ್ಟು ವಾರವಾದರೂ ಇಳಿಯಲಿಲ್ಲ.

ಕ್ಲೌಸ್ ಪೆಟ್ಟಿಗೆ ಕಟ್ಟುವಾಗ ಬಾಗಿಲಲ್ಲೇ ನಿಂತು ಕೇಳಿದೆ. "ನನ್ನ ಹೆಸರು ಬರೆಯೋಕೆ ನಿನಗೆ ಹೇಳಿದ್ದು ಯಾರು?"

ಆಗ ಹೇಳಿದ, ಮಾವನಿಗೆ ಹೇಳದೆ ಉಳಿಸಿಕೊಂಡಿದ್ದನ್ನು. ಅವನ ಶಾಲೆಯ ಮೇಷ್ಟ್ರೊಬ್ಬರು ಯುದ್ಧದ ಕಾಲದಲ್ಲಿ ಮಕ್ಕಳ ಮನೆಯವರ ಮೇಲೇ ಸರ್ಕಾರಕ್ಕೆ ಚಾಡಿ ಬರೆದವರಂತೆ. ಸ್ಟೇಜ್ ಮೇಲೆ ಅವರನ್ನು ಹೆಸರು ಹೇಳದೆ ಅಣಕಿಸಿದ. ಇಡೀ ಹಾಲ್ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಎರಡನೇ ಸಾಲಿನಲ್ಲಿ ಕೂತಿದ್ದ ಅದೇ ಮೇಷ್ಟ್ರು. ಶೋ ಆದ ಮೇಲೆ ಬಂದು ಬೆನ್ನೂ ತಟ್ಟಿದರು. ಅಲ್ಲಿಂದ ಅವನಿಗೆ ಯಾರ ನಗುವಿನ ಮೇಲೂ ನಂಬಿಕೆ ಉಳಿಯಲಿಲ್ಲ. ಸ್ಟೇಜ್ ಮೇಲೆ ಮಾತಿನ ಮಧ್ಯೆ ನಿಂತುಬಿಡುತ್ತಿದ್ದ. ಕೊನೆಗೆ ಶೋ ಬಿಟ್ಟ. ಅಕ್ಕ ಇಲ್ಲಿಗೆ ಕರೆಸಿಕೊಂಡರು.

"ಜನ ಯಾಕೆ ನಗ್ತಾರೆ ಅಂತ ಮೊದಲಿಂದ ಕಲೀಬೇಕಿತ್ತು," ಅಂದ.

"ಕೇಳಿ ಕಲೀಬಹುದಿತ್ತು," ಅಂದೆ. ಅವನು ಕ್ಷಮೆ ಕೇಳಿದ. ನಾನು ಕ್ಷಮಿಸಿದೆನೋ ಇಲ್ಲವೋ ನೆನಪಿಲ್ಲ.

ನಾಲ್ಕೈದು ವರ್ಷ ಕಳೆದಿರಬೇಕು. ಮಾವ ತೀರಿಕೊಂಡಿದ್ದರು. ಜರ್ಮನಿಗೆ ಹೋಗಿ ಬಂದ ಮಾರ್ಥಾ ಅತ್ತೆಗೆ ಮುಲಾಮು ತಂದರು, ಜೊತೆಗೆ ಸುದ್ದಿ. ಕ್ಲೌಸ್ ಮತ್ತೆ ಸ್ಟೇಜ್ ಹತ್ತಿದ್ದಾನೆ. ಹಾಲ್ ತುಂಬುತ್ತಿದೆ. ಅವನ ಹೊಸ ಶೋದಲ್ಲಿ ಭಾರತದ ಒಂದು ಮನೆ ಬರುತ್ತದೆ. ಸೊಸೆ ಅತ್ತೆ ಮುಖ ನೋಡ್ತಾಳೆ, ಅತ್ತೆ ಗಂಡನ ಮುಖ ನೋಡ್ತಾಳೆ. ಜನ ಬಿದ್ದು ಬಿದ್ದು ನಗ್ತಾರೆ.

ನನಗೆ ಮೈ ಉರಿಯಿತು. ನಮ್ಮ ಮನೆಯ ಉಪ್ಪುಂಡು, ನಮ್ಮ ಮರ್ಯಾದೆಯನ್ನೇ ಅಲ್ಲಿ ಹರಡಿದ್ದಾನಲ್ಲ! (ನಾನೀಗ ಅವನ ಕಥೆ ಬರೆದು ನಿಮಗೆ ಓದಿಸುತ್ತಿರುವುದು ಬೇರೆ ವಿಷಯ.)

ಅತ್ತೆ ಮಾತ್ರ ತಣ್ಣಗೆ ಮೊಣಕಾಲಿಗೆ ಮುಲಾಮು ತಿಕ್ಕುತ್ತ ಕೇಳಿದರು. "ಆಯಪ್ಪನಿಗೆ ಮದುವೆ ಆಗಿತ್ತಲ್ಲಮ್ಮ? ಆಯಮ್ಮ ನಗ್ತಾಳಾ?"

ಮಾರ್ಥಾ ಮುಲಾಮಿನ ಡಬ್ಬಿಯ ಮುಚ್ಚಳ ತಿರುಗಿಸಿ ಮುಚ್ಚಿದರು. "ಬಿಟ್ಟು ಹೋಗಿ ತುಂಬಾ ವರ್ಷ ಆಯ್ತು," ಅಂದರು.

ಅವತ್ತಿನಿಂದ ಯಾವ ಹಾಸ್ಯದ ಕಾರ್ಯಕ್ರಮಕ್ಕೆ ಹೋದರೂ ನಾನು ಮೊದಲು ಹುಡುಕುವುದು, ನಗಿಸುವವರ ಹೆಂಡತಿ ಎಲ್ಲಿ ಕೂತಿದ್ದಾರೆ ಅಂತ.