ಸೆರಗಿನೊಳಗಿನ ರವಿಕೆ

ಇಳಕಲ್ಲಿಗೆ ಬಂದ ಮರುದಿನ ತರಕಾರಿಗೆಂದು ಹೊರಟಿದ್ದೆ. ಗುರುತೇ ಇಲ್ಲದ ಮುದುಕಿಯೊಬ್ಬಳು ನನ್ನನ್ನು ತಡೆದು, ಸೆರಗೆಳೆದು ತಲೆಯ ಮೇಲೆ ಹೊದಿಸಿ ಮುಂದೆ ನಡೆದುಬಿಟ್ಟಳು. ಬೈಯಲಿಲ್ಲ, ನಗಲೂ ಇಲ್ಲ. ಮಗುವಿನ ಮೂಗು ಒರೆಸಿದ ಹಾಗೆ ಆ ಕೆಲಸ ಮುಗಿಸಿದಳು. ಮೈಸೂರಿನಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಬೀದಿಯಲ್ಲೇ ಜಗಳಕ್ಕೆ ನಿಲ್ಲುತ್ತಿದ್ದೆ. ಇಲ್ಲಿ ಸೆರಗನ್ನು ಹಾಗೇ ಹಿಡಿದುಕೊಂಡು ತರಕಾರಿಗೆ ನಡೆದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಬ್ಯಾಂಕಿನಲ್ಲಿದ್ದ ಗಂಡನಿಗೆ ವರ್ಗವಾಗಿ, ನೇಕಾರರ ಓಣಿಯಲ್ಲಿ ಎರಡು ಕೋಣೆ ಹಿಡಿದಿದ್ದೆವು. ಗೋಡೆಯ ಆಚೆ ಮನೆಯೊಡತಿ ಗುರವ್ವನ ಸಂಸಾರ ಮತ್ತು ದಿನವಿಡೀ ಸದ್ದು ಮಾಡುವ ಮಗ್ಗ. ಅವರು ನೇಯುವ ಸೀರೆಯ ಕೆಂಪು ಸೆರಗಿಗೆ ನಮ್ಮೂರಿನ ಹೆಂಗಸರು ಮನಸೋಲುತ್ತಾರೆ. ಆ ಸೆರಗು ಇಲ್ಲಿ ಎಷ್ಟು ಭಾರ ಎಂದು ಅವರಿಗೆ ಗೊತ್ತಿಲ್ಲ.

ಮಾನವೆಂಬುದು ಮೈಯಲ್ಲಿ ಎಲ್ಲಿರುತ್ತದೆ ಎನ್ನುವುದು ಊರಿಂದೂರಿಗೆ ಬೇರೆ. ನಮ್ಮಲ್ಲಿ ತಲೆ ತೆರೆದು ಮಲ್ಲಿಗೆ ಮುಡಿದರೆ ಲಕ್ಷಣ. ಸೊಂಟ ಕಂಡರೆ ಅಮ್ಮನ ಕಣ್ಣು ಕೆಂಪಾಗುತ್ತಿತ್ತು. ಇಲ್ಲಿಯ ಮುದುಕಿಯರು ಕುಪ್ಪಸವನ್ನು ಎದೆಯ ಕೆಳಗೆ ಗಂಟು ಹಾಕಿ, ಹೊಟ್ಟೆ ಕಂಡರೂ ಲೆಕ್ಕಿಸದೆ ನೀರು ಹೊರುತ್ತಾರೆ. ತಲೆಯ ಸೆರಗು ಜಾರಿದರೆ ಮಾತ್ರ ಕೊಡ ಇಳಿಸಿಯಾದರೂ ಸರಿಮಾಡಿಕೊಳ್ಳುತ್ತಾರೆ.

ನನ್ನ ಮಾತು ಇಲ್ಲಿ ಯಾರಿಗೂ ಹತ್ತಿರವಾಗಲಿಲ್ಲ. "ಅಕ್ಕಾರ, ನೀವು ಮಾತಾಡಿದ್ರ ರೇಡಿಯೋದಾಗ ವಾರ್ತಾ ಓದಿದಂಗ ಆಗ್ತೈತಿ," ಎಂದು ನಗುತ್ತಿದ್ದವಳು ಗುರವ್ವನ ಸೊಸೆ ನೀಲವ್ವ ಒಬ್ಬಳೇ. ಜೋಳದ ರೊಟ್ಟಿ ಬಡಿಯಲು ಕಲಿಸಿದವಳೂ ಅವಳೇ. ಮೊದಲ ರೊಟ್ಟಿ ಉಬ್ಬಿದ ದಿನ ಇಬ್ಬರೂ ಒಲೆಯ ಮುಂದೆ ಕುಳಿತು ಅದನ್ನು ಬರೀ ಬೆಣ್ಣೆ ಹಚ್ಚಿ ತಿಂದೆವು.

ತವರಿನಿಂದ ನನ್ನ ಹೊಲಿಗೆ ಯಂತ್ರ ಬಂದಾಗ ನೀಲವ್ವ ಒಂದು ಖಣ ತಂದಳು. ಖಣವೆಂದರೆ ಗುಳೇದಗುಡ್ಡದ ಕಡೆ ನೇಯುವ ಹೊಳಪಿನ ರವಿಕೆ ಬಟ್ಟೆ.

"ಅಕ್ಕಾರ, ಹಿಂದ ಬೆನ್ನ ಭಾಳ ಕೆಳಗ ಇಳಿಸಿ ಕತ್ತರಸ್ರಿ. ಒಂದು ದಾರ ಕಟ್ಟೂವಂಗ ಇರ್ಲಿ."

ನನಗೆ ಗಾಬರಿಯಾಯಿತು. "ನಿಮ್ಮತ್ತೆ ನೋಡಿದರೆ?"

"ಹೆಂಗ ನೋಡ್ತಾರ? ತಲಿ ಮ್ಯಾಗಿಂದ ಸೆರಗು ಇಳೀತೈತಲ್ಲ."

"ಯಾರೂ ನೋಡದಿದ್ದರೆ ಯಾಕೆ ಹೊಲಿಸಬೇಕು?"

"ನನಗ ಗೊತ್ತಿರ್ತೈತಲ್ಲರಿ. ಸಾಕು."

ಮೈಸೂರಿನಲ್ಲಿ ನಾವು ಹೊಸ ರವಿಕೆ ತೊಟ್ಟರೆ, ಯಾರು ತಿರುಗಿ ನೋಡಿದರೆಂದು ಕಣ್ಣು ಹುಡುಕುತ್ತಿತ್ತು. ಇವಳಿಗೆ ಯಾರ ಕಣ್ಣೂ ಬೇಕಿರಲಿಲ್ಲ. ಅವಳನ್ನು ನೋಡಿ ಹೊಟ್ಟೆಕಿಚ್ಚುಪಟ್ಟೆ ಎಂದರೆ ಸುಳ್ಳಲ್ಲ. ಅವಳ ಹಿಂದೆ ಓಣಿಯ ಇನ್ನೂ ಮೂವರು ಬಂದರು. ಒಬ್ಬಳಿಗೆ ವೀಳ್ಯದೆಲೆಯ ಆಕಾರದ ಬೆನ್ನು, ಇನ್ನೊಬ್ಬಳಿಗೆ ಗೊಂಡೆ. ಮಧ್ಯಾಹ್ನಗಳಲ್ಲಿ ನನ್ನ ನೆಲದ ತುಂಬ ಚೂರು ಬಟ್ಟೆ, ನಗು. ಈ ಊರಿನಲ್ಲಿ ನನ್ನನ್ನು ಉಳಿಸಿದ್ದು ಆ ಮಧ್ಯಾಹ್ನಗಳೇ.

ಪಂಚಮಿ ಹಬ್ಬದ ಮುಂಚೆ ನೀಲವ್ವನಿಗೆ ಇನ್ನೊಂದು ಹೊಲಿದೆ. ನನ್ನ ಕೈಯಿಂದ ಬಂದ ಅತ್ಯುತ್ತಮ ಕೆಲಸ ಅದು. ನಮ್ಮೂರ ದರ್ಜಿಗಳು ಮಾಡುವ ಹಾಗೆ ಅದನ್ನು ಬೀದಿ ಬಾಗಿಲಿನ ಮೊಳೆಗೆ, ಬೆನ್ನು ಹೊರಗೆ ಕಾಣುವಂತೆ ತೂಗುಹಾಕಿದೆ. ರವಿಕೆ ಯಾರದೆಂದು ಯಾರಿಗೆ ತಿಳಿಯುತ್ತದೆ ಎಂದುಕೊಂಡಿದ್ದೆ. ಆದರೆ ಇಲ್ಲಿ ಒಬ್ಬೊಬ್ಬರ ಖಣವೂ ಓಣಿಗೆಲ್ಲ ಗುರುತು. ನೀರು ತರುತ್ತಿದ್ದ ಗುರವ್ವ ನಿಂತಳು. ಆ ಖಣವನ್ನು ಆರಿಸಿ ತಂದವಳು ಅವಳೇ.

ಸೊಸೆಯನ್ನು ಕರೆದಳು. ಸುತ್ತ ಹೆಂಗಸರು ಸೇರಿದರು.

"ಹಿಂಗ ಹೊಲೀರಿ ಅಂತ ನೀ ಹೇಳಿದ್ಯೇನ?"

ನೀಲವ್ವ ನೆಲ ನೋಡುತ್ತ ಹೇಳಿದಳು: "ಇಲ್ಲರಿ ಅತ್ತಿ. ನಾ ಮುಚ್ಚಿದ ಬೆನ್ನ ಹೇಳಿದ್ದೆ. ಅಕ್ಕಾರ ತಮ್ಮ ಊರ ಕಡಿಯಂಗ ಹೊಲದಾರ."

ನಾನು ಹೊಲಿದದ್ದನ್ನೇ ಆಗ ಸೆರಗಿನೊಳಗೆ ತೊಟ್ಟಿದ್ದ ಮೂವರೂ ಅಲ್ಲೇ ಇದ್ದರು. ಒಬ್ಬಳು "ಹೊರಗಿನವರಿಗೆ ಏನ್ ತಿಳೀತೈತಿ ಬಿಡ್ರಿ" ಎಂದಳು. ವೀಳ್ಯದೆಲೆ ಬೆನ್ನಿನ ರವಿಕೆಯವಳು.

"ಖರೇನ್ರಿ?" ಗುರವ್ವ ನನ್ನನ್ನು ಕೇಳಿದಳು.

ನಿಜ ಹೇಳಿದರೆ ನೀಲವ್ವನ ಗತಿ ಏನೆಂದು ನನಗೆ ಗೊತ್ತಿತ್ತು. "ಹೌದು. ತಪ್ಪು ನನ್ನದೇ," ಎಂದೆ.

ಅಂದಿನಿಂದ ಯಾರೂ ಬರಲಿಲ್ಲ. ನೀಲವ್ವ ಎದುರಾದರೆ ಪಕ್ಕದ ಸಂದಿಗೆ ತಿರುಗುತ್ತಿದ್ದಳು. ಹಬ್ಬದ ದಿನ ಬಂದವಳು ಗುರವ್ವ, ಎಳ್ಳುಂಡೆ ತೆಗೆದುಕೊಂಡು.

"ಯಾರು ಹೇಳಿ ಹೊಲಿಸ್ಯಾರ ಅಂತ ನನಗ ಗೊತ್ತೈತಿ," ಎಂದಳು. "ಅಕಿ ಮಾನ ಉಳಿಸಿದ್ರಿ. ಈಗ ನೀವು ನಮ್ಮಾಕಿ ಆದ್ರಿ. ಆದರ ಆ ಮಷಿನ್ ಒಳಗ ಇಟ್ಟುಬಿಡ್ರಿ."

ಹೊಗಳಿದಳೋ ಶಿಕ್ಷೆ ಕೊಟ್ಟಳೋ ತಿಳಿಯದೆ ಉಂಡೆ ತೆಗೆದುಕೊಂಡೆ. ಯಂತ್ರವನ್ನು ಒಳಗಿಟ್ಟೆ.

ಮುಂದಿನ ಬೇಸಿಗೆಯಲ್ಲಿ ತವರಿಗೆ ಹೋದಾಗ ತಂಗಿ ರವಿಕೆ ಬಟ್ಟೆ ಹಿಡಿದು ಬಂದು, ಪಕ್ಕದ ಮನೆಯ ಯಂತ್ರದಲ್ಲಿ ಬೆನ್ನು ಇಳಿಸಿ ಹೊಲಿದುಕೊಡು ಎಂದಳು. "ಅಮ್ಮನಿಗೆ ನಾನು ಹೊಲಿದೆ ಅಂತ ಹೇಳಬೇಡ," ಎಂದುಬಿಟ್ಟೆ.

ಅವಳು ನಕ್ಕಳು. "ಅಮ್ಮನೇ ನಿನ್ನ ಹತ್ರ ಹೊಲಿಸ್ಕೋ ಅಂದಿದ್ದು. ಥೇಟ್ ಆ ಊರಿನವಳೇ ಆಗ್ಬಿಟ್ಟಿದ್ದೀಯ ಅಕ್ಕ."

ಇಳಕಲ್ಲಿನಲ್ಲಿ ಗುರವ್ವ ಮೆಚ್ಚಿ ಹೇಳಿದ ಮಾತನ್ನೇ ತವರಿನಲ್ಲಿ ತಂಗಿ ಗೇಲಿ ಮಾಡಿ ಹೇಳಿದಳು. ಎರಡು ಕಡೆಯೂ ನನಗೆ ಬಂದದ್ದು ಸಿಟ್ಟೇ. ಬಟ್ಟೆ ಹರಡಿ ಕತ್ತರಿ ಹಿಡಿದು ಬಹಳ ಹೊತ್ತು ಕುಳಿತೆ. ಕೊನೆಗೆ ಬಟ್ಟೆಯನ್ನು ಕತ್ತರಿಸದೆಯೇ ಮಡಿಸಿಟ್ಟೆ. ತಂಗಿ ಅದನ್ನು ದರ್ಜಿಗೆ ಕೊಟ್ಟು ಬಂದಳು.