ಟವೆಲ್ ಹಾಕಿದ ಸೀಟು ಮತ್ತು ಕಾಗ್ನಿಟಿವ್ ರೇಡಿಯೋ

ಮಹಾಜನಗಳೇ, ಇಂದು ಬೆಳಿಗ್ಗೆ ಹೊಳೆನರಸೀಪುರದಿಂದ ಹಾಸನಕ್ಕೆ ಹೋಗುವ ಬಸ್ಸಿನಲ್ಲಿ ನಾನು ವಿಜ್ಞಾನಕ್ಕಾಗಿ ಅವಮಾನ ಅನುಭವಿಸಿದೆ.

ಹಾಸನದಲ್ಲಿ ನನ್ನ ಕಾಗ್ನಿಟಿವ್ ರೇಡಿಯೋ ಪ್ರಾಜೆಕ್ಟಿನ ಮೌಖಿಕ ಪರೀಕ್ಷೆಯಿತ್ತು. ನಾನೇ ಬರೆದ ವರದಿಯನ್ನು ನಾನಿನ್ನೂ ಓದಿರಲಿಲ್ಲ. ದಾರಿಯಲ್ಲಿ ಓದಲು ಸೀಟು ಬೇಕೇ ಬೇಕಿತ್ತು. ಆದರೆ ಎಲ್ಲ ಸೀಟುಗಳಲ್ಲೂ ಕಿಟಕಿಯಿಂದ ಎಸೆದ ಟವೆಲ್ಲುಗಳು ಕೂತಿದ್ದವು. ಒಂದನ್ನು ಸರಿಸಿ ಕೂತೆ.

ಟೀ ಕುಡಿದು ಬಂದ ಟವೆಲ್ಲಿನ ಯಜಮಾನರು, "ಟವೆಲ್ ಆಕಿರೋದು ಕಾಣಾಕಿಲ್ವೇನ್ಲಾ?" ಎಂದರು.

"ಸಾ, ಇದು ಕಾಗ್ನಿಟಿವ್ ರೇಡಿಯೋ ಸಿದ್ಧಾಂತ. ಒಡೆಯ ಇಲ್ದಾಗ ಖಾಲಿ ಚಾನೆಲ್ಲನ್ನ ಬೇರೆಯೋರು ಬಳಸ್ಕೋಬೋದು."

"ಒಡೆಯ ಬಂದ್ರೆ?"

"ತಕ್ಷಣ ಬಿಟ್ಕೊಡ್ಬೇಕು."

"ಬಂದಿವ್ನಿ ಕಣ್ಲಾ. ಏಳು."

ಎದ್ದೆ. ನನ್ನ ಪ್ರಾಜೆಕ್ಟಿಗೆ ಮೂರು ಗುರಿಗಳು: ಹೆಚ್ಚು ಮಾಹಿತಿ ಕಳಿಸಬೇಕು, ಒಡೆಯನಿಗೆ ಅಡ್ಡಿಯಾಗಬಾರದು, ಶಕ್ತಿ ಕಡಿಮೆ ಖರ್ಚಾಗಬೇಕು. ಬಸ್ಸಿನಲ್ಲೂ ಮೂರೇ: ಓದಬೇಕು, ಯಾರ ಟವೆಲ್ಲನ್ನೂ ಮುಟ್ಟಬಾರದು, ಮೈಗೆ ನೋವಾಗಬಾರದು. ಮೂರನ್ನೂ ಒಟ್ಟಿಗೆ ಸಾಧಿಸುವ ವಿಧಾನ ನನ್ನ ವರದಿಯಲ್ಲಿತ್ತಂತೆ.

ಕಂಡಕ್ಟರ್ ವರದಿ ಓದದೆಯೇ ಪರಿಹಾರ ಕೊಟ್ಟರು. "ಡ್ರೈವರ್ ಪಕ್ಕ ಬಾನೆಟ್ ಮ್ಯಾಲೆ ಕೂತ್ಕೊ ಓಗು. ಅದುಕ್ಕೆ ಯಾರೂ ಟವೆಲ್ ಆಕಾಕಿಲ್ಲ."

ಯಾಕೆ ಹಾಕುವುದಿಲ್ಲವೆಂದು ಎಂಜಿನ್ ಕಾದ ಮೇಲೆ ತಿಳಿಯಿತು. ಮೊದಲೆರಡು ಗುರಿಗಳು ಈಡೇರಿದವು. ಮೂರನೆಯದು ಹಾಸನದವರೆಗೂ ಬೇಯುತ್ತಲೇ ಬಂತು.

ಪರೀಕ್ಷಕರು, "ಕೂತ್ಕೊಳ್ಳಪ್ಪ" ಎಂದರು.

"ಬೇಡ ಸಾರ್, ನಿಂತೇ ಹೇಳ್ತೀನಿ."

ವಿಷಯದ ಮೇಲೆ ನನಗಿರುವ ಭಕ್ತಿಯನ್ನು ಕಂಡು ಅವರ ಮನ ಕರಗಿತು. ಪಾಸು ಮಾಡಿದರು.

ಸೈಬರ್ ಸೆಂಟರಿನಲ್ಲಿ ಇದನ್ನೂ ಅದೇ ಭಕ್ತಿಯಿಂದ ಟೈಪ್ ಮಾಡುತ್ತಿದ್ದೇನೆ.